ಕಿಟಕಿ ಕಟ್ಟಲು ಕಲಿತ ಪರಿಣತರು

ಕಂಪ್ಯೂಟರಿನ ತೆರೆಯ ಮೇಲೆ ಕಾಣುವ ಪುಟ್ಟ ಗುಂಡಿಯೊಂದನ್ನು ಒತ್ತುವುದು ಎಷ್ಟು ಸುಲಭವೆಂದು ನಿಮಗೆಲ್ಲ ಗೊತ್ತು. ಮೌಸಿನ ಬಾಣವನ್ನು ಅದರ ಮೇಲೆ ತಂದು ಬೆರಳು ಒತ್ತಿದರೆ ಆಯಿತು. ಆದರೆ ಆ ಗುಂಡಿಯನ್ನು ಅಲ್ಲಿ ಕೂರಿಸಿದವರು ಯಾರು? ಅದಕ್ಕಾಗಿ ಅವರು ಎಷ್ಟು ಸಾಲು ಬರೆಯಬೇಕಾಯಿತು? ಒತ್ತಿದ ಕೂಡಲೇ ಏನು ನಡೆಯಬೇಕೆಂಬುದನ್ನು ಯಂತ್ರಕ್ಕೆ ಹೇಗೆ ತಿಳಿಸಿದರು? 1980ರ ದಶಕದ ಕೊನೆಯ ವರ್ಷಗಳಲ್ಲಿ ಈ ಪ್ರಶ್ನೆಗಳು ಹೊಸಬರನ್ನು ಮಾತ್ರವಲ್ಲ, ವರ್ಷಗಟ್ಟಲೆ ಪ್ರೋಗ್ರಾಮ್ ಬರೆದು ಪಳಗಿದವರನ್ನೂ ಕಾಡಿದವು.

ಈ ಕಷ್ಟಕ್ಕೆ ದೊರೆತ ಪರಿಹಾರಗಳಲ್ಲಿ ಒಂದು ಕುತೂಹಲದ್ದು. ಸಿ ಭಾಷೆಯಂಥ ಬಲಿಷ್ಠ ಭಾಷೆಯನ್ನು ಅರೆದು ಕುಡಿದವರು ಅದಕ್ಕಿಂತ ಎಷ್ಟೋ ಚಿಕ್ಕದಾದ, ನೋಡಲು ಆಟಿಕೆಯಂತಿದ್ದ ಭಾಷೆಯೊಂದನ್ನು ಮೊದಲಿನಿಂದ ಕಲಿಯಬೇಕಾಯಿತು. ಕಲಿತವರು ತಿಂಗಳುಗಳ ಕೆಲಸವನ್ನು ದಿನಗಳಲ್ಲಿ ಮಾಡಿದರು. ಆ ಭಾಷೆಯ ಹೆಸರು ಟಿಕಲ್. ಅದರ ಜೊತೆಗಿದ್ದ ಕಿಟಕಿ ಕಟ್ಟುವ ಸಲಕರಣೆಯ ಹೆಸರು ಟೀಕೇ. ಇವು ಹುಟ್ಟಿದ್ದು ಹೇಗೆ, ಪರಿಣತರು ಇವನ್ನು ಕಲಿಯುವಾಗ ಎಲ್ಲಿ ಎಡವಿದರು, ಅದರಿಂದ ಇಂದಿನ ವಿದ್ಯಾರ್ಥಿಗಳಾದ ನಮಗೆ ತಿಳಿಯುವುದೇನು ಎಂಬುದನ್ನು ನೋಡೋಣ.

ಅಕ್ಷರದ ಸಾಲಿನಿಂದ ಚಿತ್ರದ ಕಿಟಕಿಗೆ

1970ರ ದಶಕದಲ್ಲಿ ಕಂಪ್ಯೂಟರ್ ಬಳಸುವವನ ಎದುರಿಗೆ ಇರುತ್ತಿದ್ದುದು ಒಂದು ಟರ್ಮಿನಲ್. ತೆರೆಯ ಮೇಲೆ ಸಾಮಾನ್ಯವಾಗಿ 24 ಸಾಲು, ಸಾಲಿಗೆ 80 ಅಕ್ಷರ. ಕಂಪ್ಯೂಟರ್ ಒಂದು ಪ್ರಶ್ನೆ ಕೇಳುತ್ತದೆ, ನೀವು ಕೀಲಿಮಣೆಯಲ್ಲಿ ಉತ್ತರ ಒತ್ತುತ್ತೀರಿ. ಅದು ಮುಂದಿನ ಪ್ರಶ್ನೆ ಕೇಳುತ್ತದೆ. ಅಂಥ ಪ್ರೋಗ್ರಾಮ್ ಬರೆಯುವುದು ಕಷ್ಟವಾಗಿರಲಿಲ್ಲ.

ಇದೇ ಕಾಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಊರಿನಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನ ಕೇಂದ್ರವು ಬೇರೆಯದೇ ದಾರಿ ಹಿಡಿದಿತ್ತು. ಅಲ್ಲಿ 1973ರಲ್ಲಿ ತಯಾರಾದ ಆಲ್ಟೋ ಎಂಬ ಕಂಪ್ಯೂಟರಿಗೆ ಚಿತ್ರ ತೋರಿಸುವ ತೆರೆಯೂ ಮೌಸೂ ಇದ್ದವು. ಅಲನ್ ಕೇ ಮತ್ತು ಸಂಗಡಿಗರು ಅದರ ಮೇಲೆ ಸ್ಮಾಲ್‌ಟಾಕ್ ಎಂಬ ಭಾಷೆಯನ್ನೂ, ಒಂದರ ಮೇಲೊಂದು ಕೂರುವ ಕಿಟಕಿಗಳನ್ನೂ ರೂಪಿಸಿದರು. ಈ ವಿಚಾರಗಳು ಜನಸಾಮಾನ್ಯರ ಕೈಗೆ ಬಂದುದು 1984ರ ಜನವರಿಯಲ್ಲಿ, ಆಪಲ್ ಕಂಪನಿಯ ಮೆಕಿಂಟಾಷ್ ಮಾರುಕಟ್ಟೆಗೆ ಬಂದಾಗ.

ಯೂನಿಕ್ಸ್ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳಿಗೂ ಇಂಜಿನಿಯರುಗಳಿಗೂ ಕಿಟಕಿಗಳು ಬಂದುದು ಇನ್ನೊಂದು ಮಾರ್ಗದಿಂದ. 1984ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರಾಬರ್ಟ್ ಷೈಫ್ಲರ್ ಮತ್ತು ಜಿಮ್ ಗೆಟಿಸ್ ಎಂಬುವರು ಎಕ್ಸ್ ಎಂಬ ಕಿಟಕಿ ವ್ಯವಸ್ಥೆಯನ್ನು ಆರಂಭಿಸಿದರು. 1987ರಲ್ಲಿ ಅದರ 11ನೆಯ ಆವೃತ್ತಿ ಹೊರಬಂತು. ಒಂದು ಕೋಣೆಯ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮ್ ಇನ್ನೊಂದು ಕೋಣೆಯ ತೆರೆಯ ಮೇಲೆ ತನ್ನ ಕಿಟಕಿಯನ್ನು ತೋರಿಸಬಹುದು ಎಂಬುದು ಎಕ್ಸ್‌ನ ವಿಶೇಷ.

ಆದರೆ ಎಕ್ಸ್ ಕೊಡುತ್ತಿದ್ದುದು ಕಚ್ಚಾ ಸಾಮಗ್ರಿ ಮಾತ್ರ. ಗೆರೆ ಎಳೆಯುತ್ತೇನೆ, ಚೌಕ ತುಂಬುತ್ತೇನೆ, ಅಕ್ಷರ ಬರೆಯುತ್ತೇನೆ, ಮೌಸ್ ಎಲ್ಲಿ ಒತ್ತಲಾಯಿತೆಂದು ತಿಳಿಸುತ್ತೇನೆ. ಗುಂಡಿ ಎಂದರೇನು, ಮೆನು ಎಂದರೇನು ಎಂಬುದನ್ನು ನೀವೇ ನಿರ್ಧರಿಸಿಕೊಳ್ಳಿ ಎಂಬುದು ಅದರ ಧೋರಣೆ. ಇಟ್ಟಿಗೆ, ಸುಣ್ಣ, ಮರಳು ತಂದು ಸುರಿದು ಮನೆ ಕಟ್ಟಿಕೊಳ್ಳಿ ಎಂದ ಹಾಗೆ. ತೆರೆಯ ಮೇಲೆ ಒಂದೇ ಒಂದು ನಮಸ್ಕಾರ ಮೂಡಿಸುವುದು ಎಕ್ಸ್‌ನಲ್ಲಿ ನಿಜಕ್ಕೂ ಎಷ್ಟು ಕಷ್ಟ ಎಂಬುದನ್ನೇ ವಿಷಯವಾಗಿಟ್ಟುಕೊಂಡು ಡೇವಿಡ್ ರೋಸೆಂಥಾಲ್ ಎಂಬ ಪರಿಣತರು 1988ರಲ್ಲಿ ಒಂದು ಪ್ರಬಂಧ ಬರೆದರು. ಸಿ ಭಾಷೆಯ ಪಠ್ಯಪುಸ್ತಕದಲ್ಲಿ ಕೆಲವೇ ಸಾಲಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇಲ್ಲಿ ಪುಟ ತುಂಬ ಬರೆಯಬೇಕಾಗಿತ್ತು. ಈ ಹೊರೆ ಇಳಿಸಲು ಸಿದ್ಧ ಗುಂಡಿ, ಮೆನುಗಳ ಲೈಬ್ರರಿಗಳು ಬಂದವು. ಅವುಗಳಲ್ಲಿ ಮೋಟಿಫ್ ಹೆಸರಾದದ್ದು. ಆದರೆ ಅವನ್ನೂ ಸಿ ಭಾಷೆಯಲ್ಲೇ ಬಳಸಬೇಕು, ದಪ್ಪ ದಪ್ಪ ಕೈಪಿಡಿಗಳನ್ನು ಓದಬೇಕು, ಗುಂಡಿಯ ಬಣ್ಣ ಬದಲಿಸಿದರೂ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿ ಕಾಯಬೇಕು.

ಮಾತು ಶುರು ಮಾಡುವವರು ಯಾರು?

ಸಾಲುಗಳ ಸಂಖ್ಯೆ ಹೆಚ್ಚಿತು ಎಂಬುದು ಕಷ್ಟದ ಒಂದು ಮುಖ. ಅದಕ್ಕಿಂತ ಆಳವಾದ ಇನ್ನೊಂದು ಕಷ್ಟವಿತ್ತು. ಅದು ಪ್ರೋಗ್ರಾಮರನ ಮನಸ್ಸಿಗೆ ಸಂಬಂಧಿಸಿದ್ದು.

ದೂರದರ್ಶನದ ಎರಡು ಬಗೆಯ ಕಾರ್ಯಕ್ರಮಗಳನ್ನು ನೆನಪಿಗೆ ತಂದುಕೊಳ್ಳಿ. ಮೊದಲನೆಯದು ಧ್ವನಿಮುದ್ರಿತ ಭಾಷಣ. ಅದರ ಪ್ರತಿಯೊಂದು ಮಾತೂ ಮೊದಲೇ ಬರೆದಿಟ್ಟದ್ದು. ಯಾವುದರ ನಂತರ ಯಾವುದು ಎಂಬುದು ನಿರ್ಮಾಪಕರಿಗೆ ಗೊತ್ತು. ಎರಡನೆಯದು ನೇರ ಪ್ರಸಾರದ ಫೋನ್-ಇನ್ ಕಾರ್ಯಕ್ರಮ. ಇಲ್ಲಿ ತಜ್ಞರು ಕುಳಿತಿರುತ್ತಾರೆ, ಫೋನು ಯಾವಾಗ ಬಡಿದುಕೊಳ್ಳುತ್ತದೋ ಯಾರಿಗೂ ತಿಳಿಯದು. ಬೀದರಿನಿಂದ ಬರುವ ಪ್ರಶ್ನೆ ಮೊದಲೋ ಚಾಮರಾಜನಗರದ್ದು ಮೊದಲೋ ಹೇಳಲಾಗದು. ನಿರ್ಮಾಪಕರು ಮಾಡಬಹುದಾದುದು ಇಷ್ಟೇ: ಇಂಥ ಪ್ರಶ್ನೆ ಬಂದರೆ ಇಂಥವರು ಉತ್ತರಿಸಿ ಎಂದು ಮೊದಲೇ ಗೊತ್ತುಮಾಡಿ, ಬಳಿಕ ಕಾಯುವುದು.

ಹಳೆಯ ಪ್ರೋಗ್ರಾಮು ಧ್ವನಿಮುದ್ರಿತ ಭಾಷಣದಂತೆ. ಕಿಟಕಿಯ ಪ್ರೋಗ್ರಾಮು ಫೋನ್-ಇನ್‌ನಂತೆ. ಕಿಟಕಿಯಲ್ಲಿ ಹತ್ತು ಗುಂಡಿಗಳಿದ್ದರೆ ಬಳಕೆದಾರ ಯಾವುದನ್ನು ಮೊದಲು ಒತ್ತುತ್ತಾನೆಂದು ಪ್ರೋಗ್ರಾಮರನಿಗೆ ತಿಳಿಯದು. ಆತ ಪ್ರತಿಯೊಂದು ಗುಂಡಿಗೂ ಒಂದೊಂದು ಚಿಕ್ಕ ಕೆಲಸವನ್ನು ಗಂಟು ಹಾಕಿಟ್ಟು ಲಗಾಮನ್ನು ವ್ಯವಸ್ಥೆಯ ಕೈಗೆ ಒಪ್ಪಿಸಬೇಕು. ಮೌಸ್ ಒತ್ತುವುದು, ಕೀಲಿ ಒತ್ತುವುದು, ಕಿಟಕಿಯ ಅಳತೆ ಬದಲಾಗುವುದು ಇವೆಲ್ಲ 'ಘಟನೆ'ಗಳು. ಅವು ಬಂದಂತೆ ಒಂದೊಂದಾಗಿ ತೆಗೆದುಕೊಂಡು ತಕ್ಕ ಕೆಲಸವನ್ನು ಕರೆಯುವ ಸುತ್ತಿಗೆ ಘಟನಾಚಕ್ರ ಎನ್ನಬಹುದು. ವರ್ಷಗಟ್ಟಲೆ ತಾನೇ ಲಗಾಮು ಹಿಡಿದು ಅಭ್ಯಾಸವಾದವನಿಗೆ ಇದು ಸುಲಭದ ಬದಲಾವಣೆಯಲ್ಲ. ಹೊಸಬನಿಗೆ ಕಲಿಯುವುದು ಮಾತ್ರ ಇರುತ್ತದೆ. ಪರಿಣತನಿಗೆ ಕಲಿಯುವುದರ ಜೊತೆಗೆ ಮರೆಯುವುದೂ ಇರುತ್ತದೆ.

ಬರ್ಕ್‌ಲಿಯ ಪ್ರಾಧ್ಯಾಪಕರ ಚಿಂತೆ

ಜಾನ್ ಓಸ್ಟರ್‌ಹೌಟ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರದಲ್ಲಿ ಪ್ರಾಧ್ಯಾಪಕರು. ಸಿಲಿಕಾನ್ ಚಿಪ್‌ಗಳ ವಿನ್ಯಾಸಕ್ಕೆ ನೆರವಾಗುವ ಮ್ಯಾಜಿಕ್, ಕ್ರಿಸ್ಟಲ್ ಮುಂತಾದ ತಂತ್ರಾಂಶಗಳನ್ನು ಅವರೂ ಅವರ ವಿದ್ಯಾರ್ಥಿಗಳೂ ರಚಿಸಿದ್ದರು. ಆ ಕೆಲಸಕ್ಕಾಗಿ 1987ರಲ್ಲಿ ಗ್ರೇಸ್ ಮರ್ರೆ ಹಾಪರ್ ಪ್ರಶಸ್ತಿಯೂ ಅವರಿಗೆ ಸಂದಿತು. ಅನುಭವಕ್ಕಾಗಲಿ ಹೆಸರಿಗಾಗಲಿ ಅವರಿಗೆ ಕೊರತೆಯಿರಲಿಲ್ಲ.

ಆದರೆ ಒಂದು ಮುಜುಗರ ಅವರನ್ನು ಬಾಧಿಸುತ್ತಿತ್ತು. ಚಿಪ್ ವಿನ್ಯಾಸದ ಪ್ರತಿಯೊಂದು ತಂತ್ರಾಂಶಕ್ಕೂ ಬಳಕೆದಾರ ಆದೇಶ ಕೊಡಲು ಒಂದು ಆದೇಶ ಭಾಷೆ ಬೇಕು. ಮುಖ್ಯ ಕೆಲಸದ ಮೇಲೇ ಎಲ್ಲರ ಗಮನವಿದ್ದುದರಿಂದ ಈ ಭಾಷೆಯನ್ನು ಅವಸರದಲ್ಲಿ ಹೇಗೋ ಜೋಡಿಸಿಬಿಡುತ್ತಿದ್ದರು. ಹೀಗಾಗಿ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಭಾಷೆ; ಒಂದೂ ಗಟ್ಟಿಯಲ್ಲ. ಪ್ರತಿ ಬಾರಿ ಹೊಸದನ್ನು ಹೊಸೆಯುವ ಬದಲು ಒಂದೇ ಒಳ್ಳೆಯ ಭಾಷೆಯನ್ನು ರಚಿಸಿ, ಅದನ್ನು ಬೇಕಾದ ತಂತ್ರಾಂಶದೊಳಗೆ ಕೂರಿಸಿಕೊಳ್ಳುವಂತೆ ಮಾಡಿದರೆ ಹೇಗೆ? 1987ರ ಶರತ್ಕಾಲದಲ್ಲಿ, ಬೋಧನೆಯಿಂದ ಬಿಡುವು ಪಡೆದು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಪ್ರಯೋಗಾಲಯದಲ್ಲಿದ್ದಾಗ, ಅವರಿಗೆ ಈ ಯೋಚನೆ ಹೊಳೆಯಿತು.

ಅದೇ ಹೊತ್ತಿನಲ್ಲಿ ಇನ್ನೊಂದು ಚಿಂತೆಯೂ ಹುಟ್ಟಿತು. ಆ ವರ್ಷ ಆಪಲ್ ಕಂಪನಿಯ ಬಿಲ್ ಆಟ್ಕಿನ್ಸನ್ ರೂಪಿಸಿದ ಹೈಪರ್‌ಕಾರ್ಡ್ ಬಿಡುಗಡೆಯಾಗಿ ಎಲ್ಲೆಲ್ಲೂ ಸುದ್ದಿಯಾಗಿತ್ತು. ಚಿತ್ರ, ಗುಂಡಿ, ಚಿಕ್ಕ ಭಾಷೆ ಎಲ್ಲವನ್ನೂ ಹೆಣೆದ ಸುಂದರ ತಂತ್ರಾಂಶ ಅದು. ಇಂಥದನ್ನು ತಯಾರಿಸಲು ಬಹಳ ಜನರ ದುಡಿಮೆ ಬೇಕು. ಹಾಗಾದರೆ ನಾಲ್ಕಾರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡ ವಿಶ್ವವಿದ್ಯಾಲಯದ ಗುಂಪಿನ ಗತಿ ಏನು? ಮುಂದೆ ಒಳ್ಳೆಯ ತಂತ್ರಾಂಶ ದೊಡ್ಡ ಕಂಪನಿಗಳ ಸೊತ್ತಾಗಿಬಿಡುತ್ತದೆಯೇ? ಓಸ್ಟರ್‌ಹೌಟ್ ಅವರಿಗೆ ಕಂಡ ದಾರಿ ಒಂದೇ. ಎಲ್ಲವನ್ನೂ ಮೊದಲಿನಿಂದ ಕಟ್ಟುವುದನ್ನು ಬಿಡಬೇಕು. ಮತ್ತೆ ಮತ್ತೆ ಬಳಸಬಹುದಾದ ಬಿಡಿಭಾಗಗಳನ್ನು ತಯಾರಿಸಿ, ಅವನ್ನು ಸುಲಭವಾಗಿ ಜೋಡಿಸುವ ಬಲವಾದ ಅಂಟನ್ನು ಕಂಡುಹಿಡಿಯಬೇಕು. ಚಿಕ್ಕ ಗುಂಪಿನ ಕೈಯಲ್ಲೂ ದೊಡ್ಡ ಕೆಲಸ ಆಗಬೇಕೆಂಬ ಈ ಹಂಬಲವೇ ಟೀಕೇ ಹುಟ್ಟಿಗೆ ಕಾರಣ.

ಅಂಟಿನ ಭಾಷೆ

1988ರ ವಸಂತದಲ್ಲಿ ಬರ್ಕ್‌ಲಿಗೆ ಮರಳಿದ ಮೇಲೆ ಅವರು ಭಾಷೆಯನ್ನು ಬರೆಯತೊಡಗಿದರು. ಸಲಕರಣೆಗಳ ಆದೇಶ ಭಾಷೆ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದನ್ನು ಟಿಕಲ್ ಎಂದು ಕರೆದರು. ಇಂಗ್ಲಿಷಿನಲ್ಲಿ ಆ ಉಚ್ಚಾರಕ್ಕೆ ಕಚಗುಳಿ ಎಂಬ ಅರ್ಥವೂ ಇದೆ!

ಟಿಕಲ್ ವ್ಯಾಕರಣ ತುಂಬ ಸರಳ. ಒಂದು ಸಾಲು ಎಂದರೆ ಒಂದು ಆದೇಶ. ಸಾಲಿನ ಮೊದಲ ಪದ ಆದೇಶದ ಹೆಸರು. ಉಳಿದ ಪದಗಳು ಆ ಆದೇಶಕ್ಕೆ ಬೇಕಾದ ವಿವರಗಳು. ಪದಗಳ ನಡುವೆ ಖಾಲಿ ಜಾಗ. ಹೆಸರಿನ ಹಿಂದೆ ಡಾಲರ್ ಚಿಹ್ನೆ ಇಟ್ಟರೆ ಆ ಹೆಸರಿನ ವೇರಿಯಬಲ್‌ನಲ್ಲಿರುವ ಬೆಲೆ ಅಲ್ಲಿ ಬಂದು ಕೂರುತ್ತದೆ. ಚೌಕ ಆವರಣದೊಳಗೆ ಇನ್ನೊಂದು ಆದೇಶ ಬರೆದರೆ ಅದು ಮೊದಲು ನಡೆದು, ಅದರ ಫಲಿತಾಂಶ ಅಲ್ಲಿ ಸೇರುತ್ತದೆ. ಪುಷ್ಪಾವರಣದೊಳಗೆ ಇಟ್ಟದ್ದನ್ನು ಮುಟ್ಟದೆ ಇದ್ದ ಹಾಗೆಯೇ ಮುಂದಕ್ಕೆ ಕೊಡಲಾಗುತ್ತದೆ. ಸಂಖ್ಯೆ, ಪದ, ಪಟ್ಟಿ, ಕೊನೆಗೆ ಪ್ರೋಗ್ರಾಮಿನ ತುಂಡು ಕೂಡ ಈ ಭಾಷೆಯ ಕಣ್ಣಿಗೆ ಅಕ್ಷರಗಳ ಸಾಲೇ.

ಇದರ ಮುಖ್ಯ ಗುಣ ಇನ್ನೊಂದು. ಟಿಕಲ್‌ನ ಇಂಟರ್‌ಪ್ರಿಟರ್, ಅಂದರೆ ಸಾಲುಗಳನ್ನು ಓದಿ ಕೂಡಲೇ ನಡೆಸುವ ಭಾಗ, ಸಿ ಭಾಷೆಯಲ್ಲಿ ಬರೆದ ಒಂದು ಲೈಬ್ರರಿ. ಸಿ ಬಲ್ಲ ಇಂಜಿನಿಯರು ತನ್ನ ಪ್ರೋಗ್ರಾಮಿಗೆ ಅದನ್ನು ಸೇರಿಸಿಕೊಂಡು, ತಾನು ಬರೆದ ಸಿ ತುಣುಕಿಗೆ ಒಂದು ಹೆಸರಿಟ್ಟು ನೋಂದಾಯಿಸಿದರೆ ಆ ಹೆಸರು ಟಿಕಲ್‌ನ ಹೊಸ ಆದೇಶವಾಗುತ್ತದೆ. ವೇಗ ಬೇಕಾದ ಕಡೆ, ಲಕ್ಷಾಂತರ ಲೆಕ್ಕಗಳ ಕಡೆ, ಸಿ ಇರಲಿ. ಜೋಡಿಸುವ ಕಡೆ ಟಿಕಲ್ ಇರಲಿ ಎಂಬ ಈ ಹಂಚಿಕೆಯೇ ಅದರ ಜೀವಾಳ. ಹಳೆಯ ವಿದ್ಯೆಯನ್ನು ಬಿಸಾಡಿ ಬಾ ಎಂದು ಅದು ಪರಿಣತರಿಗೆ ಹೇಳಲಿಲ್ಲ.

ಇಂಥ ಭಾಷೆಗಳಿಗೆ ಸ್ಕ್ರಿಪ್ಟಿಂಗ್ ಭಾಷೆಗಳೆಂದು ಹೆಸರು. ಸ್ಟುಡಿಯೋದಲ್ಲಿ ಸ್ಕ್ರಿಪ್ಟ್ ಎಂದರೆ ಯಾರು ಯಾವಾಗ ಬಂದು ಏನು ಮಾಡಬೇಕೆಂದು ಬರೆದ ಹಾಳೆ. ನಟರ ಸಾಮರ್ಥ್ಯ ಆ ಹಾಳೆಯಲ್ಲಿಲ್ಲ. ಆದರೆ ಹಾಳೆ ಇಲ್ಲದೆ ಅವರು ಒಂದು ನಾಟಕವಾಗುವುದಿಲ್ಲ. ಇಲ್ಲಿಯೂ ಹಾಗೆಯೇ.

ಒಂದೇ ಸಾಲಿನ ಗುಂಡಿ

1989ರಲ್ಲಿ ಓಸ್ಟರ್‌ಹೌಟ್ ಅವರು ಕಿಟಕಿ ಕಟ್ಟುವ ಸಲಕರಣೆಯಾದ ಟೀಕೇ ಮೇಲೆ ಕೆಲಸ ಆರಂಭಿಸಿದರು. 1990ರ ಜನವರಿಯಲ್ಲಿ ಯೂಸ್‌ನಿಕ್ಸ್ ಸಂಘದ ಸಮ್ಮೇಳನದಲ್ಲಿ ಟಿಕಲ್ ಬಗ್ಗೆಯೂ, 1991ರ ಜನವರಿಯಲ್ಲಿ ಟೀಕೇ ಬಗ್ಗೆಯೂ ಪ್ರಬಂಧ ಓದಿದರು. ಟೀಕೇ ಹೊರಜಗತ್ತಿಗೆ ಬಿಡುಗಡೆಯಾದುದು 1991ರಲ್ಲಿ.

ಟೀಕೇಯಲ್ಲಿ ಗುಂಡಿ, ಪಟ್ಟಿ, ಬರೆಯುವ ಪೆಟ್ಟಿಗೆ, ಉರುಳುಪಟ್ಟಿ, ಚಿತ್ರ ಬಿಡಿಸುವ ಹಲಗೆ ಎಲ್ಲವೂ ಸಿದ್ಧವಾಗಿದ್ದವು. ಇವಕ್ಕೆ ವಿಜೆಟ್ ಎನ್ನುತ್ತಾರೆ. ಗುಂಡಿ ಬೇಕೇ? ಬಟನ್ ಎಂಬ ಆದೇಶ ಬರೆದು, ಗುಂಡಿಗೆ ಒಂದು ಹೆಸರು, ಅದರ ಮೇಲಿನ ಬರಹ, ಒತ್ತಿದಾಗ ನಡೆಯಬೇಕಾದ ಕೆಲಸ ಇಷ್ಟನ್ನು ಅದೇ ಸಾಲಿನಲ್ಲಿ ಸೇರಿಸಿದರೆ ಸಾಕು. ಪ್ಯಾಕ್ ಎಂಬ ಇನ್ನೊಂದು ಆದೇಶ ಅದನ್ನು ಕಿಟಕಿಯಲ್ಲಿ ಜೋಡಿಸುತ್ತದೆ. ಎಷ್ಟು ಅಗಲ, ಎಲ್ಲಿ ಕೂರಬೇಕು ಎಂಬ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ. ವಿಷ್ ಎಂಬ ಪ್ರೋಗ್ರಾಮನ್ನು ತೆರೆದು ಈ ಸಾಲುಗಳನ್ನು ಒತ್ತುತ್ತಾ ಹೋದಂತೆ, ಕಣ್ಣೆದುರಿಗೇ ಕಿಟಕಿ ಬೆಳೆಯುತ್ತಾ ಹೋಗುತ್ತದೆ. ಬಣ್ಣ ಸರಿಬರಲಿಲ್ಲವೇ? ಒಂದು ಸಾಲು ಒತ್ತಿ ಬದಲಿಸಿ. ಕಂಪೈಲ್ ಮಾಡಿ ಕಾಯುವ ಗೋಜಿಲ್ಲ.

ಇದರ ಲಾಭವನ್ನು ಓಸ್ಟರ್‌ಹೌಟ್ ಅವರು 1998ರ ಒಂದು ಲೇಖನದಲ್ಲಿ ಲೆಕ್ಕಕ್ಕಿಟ್ಟು ತೋರಿಸಿದರು. ಒಂದು ನಿಗದಿತ ಅಕ್ಷರಶೈಲಿಯಲ್ಲಿ ಬರಹವಿರುವ, ಒತ್ತಿದರೆ ಚಿಕ್ಕ ಸಂದೇಶ ಮುದ್ರಿಸುವ ಗುಂಡಿಗೆ ಟಿಕಲ್‌ನಲ್ಲಿ 1 ಸಾಲು, ಜಾವಾದಲ್ಲಿ 7 ಸಾಲು, ಸಿ ಪ್ಲಸ್ ಪ್ಲಸ್ ಮತ್ತು ಮೈಕ್ರೋಸಾಫ್ಟ್ ಲೈಬ್ರರಿ ಬಳಸಿದರೆ ಸುಮಾರು 25 ಸಾಲು. ಭಾಷೆಯನ್ನು ರಚಿಸಿದವರೇ ಕೊಟ್ಟ ಲೆಕ್ಕ ಇದು ಎಂಬುದನ್ನು ವಿಜ್ಞಾನದ ವಿದ್ಯಾರ್ಥಿ ಮರೆಯಬಾರದು. ಸಾಲು ಕಡಿಮೆಯಾದ ಮಾತ್ರಕ್ಕೆ ಪ್ರೋಗ್ರಾಮ್ ಉತ್ತಮವೆಂದಾಗುವುದಿಲ್ಲ. ಆದರೂ ಅಂತರ ಕಣ್ಣಿಗೆ ಹೊಡೆಯುವಂತಿದೆ.

ಬರ್ಕ್‌ಲಿ ವಿಶ್ವವಿದ್ಯಾಲಯವು ಟಿಕಲ್ ಮತ್ತು ಟೀಕೇಗಳನ್ನು ಮೂಲ ಬರಹದ ಸಮೇತ ಉಚಿತವಾಗಿ ಹಂಚಲು ಬಿಟ್ಟಿತು. ಮೋಟಿಫ್‌ಗೆ ಪರವಾನಗಿ ಹಣ ಕೊಡಬೇಕಾಗಿದ್ದ ಕಾಲದಲ್ಲಿ ಇದು ದೊಡ್ಡ ಆಕರ್ಷಣೆಯಾಯಿತು. ಅಮೆರಿಕದ ಎನ್‌ಬಿಸಿ ದೂರದರ್ಶನ ಜಾಲವು ದಿನದ 24 ಗಂಟೆಯೂ ನಡೆಯುವ ತನ್ನ ಪ್ರಸಾರ ನಿಯಂತ್ರಣ ವ್ಯವಸ್ಥೆಯಲ್ಲಿ ಟಿಕಲನ್ನು ಬಳಸಿತು. ಸಿ ಭಾಷೆಯ ಪ್ರಸಿದ್ಧ ಪುಸ್ತಕವನ್ನು 1978ರಲ್ಲಿ ಡೆನ್ನಿಸ್ ರಿಚಿ ಅವರೊಡನೆ ಬರೆದ ಬ್ರಿಯಾನ್ ಕರ್ನಿಹಾನ್ ಅವರೂ ಈ ಚಿಕ್ಕ ಭಾಷೆಯನ್ನು ಕೈಗೆತ್ತಿಕೊಂಡರು. ವಿಜ್ಞಾನ ಮತ್ತು ಇಂಜಿನಿಯರಿಂಗ್ ಮಾಹಿತಿಯನ್ನು ಚಿತ್ರಗಳಲ್ಲಿ ತೋರಿಸಲು ಟಿಕಲ್-ಟೀಕೇ ಬಳಸಿದ ತಮ್ಮ ಅನುಭವವನ್ನು 1995ರಲ್ಲಿ ಅದರ ಬಳಕೆದಾರರ ಕಾರ್ಯಾಗಾರದಲ್ಲಿ ಮಂಡಿಸಿದರು. ಜಗತ್ತಿಗೆ ಸಿ ಕಲಿಸಿದವರೇ ಕಿಟಕಿ ಕಟ್ಟಲು ಇನ್ನೊಂದು ಭಾಷೆಯ ವಿದ್ಯಾರ್ಥಿಯಾದರು ಎಂಬುದನ್ನು ಗಮನಿಸಿ.

ಪರಿಣತರು ಎಡವಿದ ಕಲ್ಲುಗಳು

ಹಾಗೆಂದು ಕಲಿಕೆ ಸಲೀಸಾಗಿತ್ತೆಂದು ತಿಳಿಯಬೇಡಿ. ಸಿ ಬಲ್ಲವರನ್ನು ಎಡವಿಸಿದ ಕೆಲವು ಕಲ್ಲುಗಳನ್ನು ನೋಡೋಣ. ಇವೆಲ್ಲ ಹಳೆಯ ಅಭ್ಯಾಸದಿಂದ ಹುಟ್ಟಿದವು.

ಮೊದಲನೆಯದು ಪುಷ್ಪಾವರಣ. ಸಿ ಭಾಷೆಯಲ್ಲಿ ಷರತ್ತನ್ನು ಒಂದು ಸಾಲಿನಲ್ಲಿ ಬರೆದು, ಪುಷ್ಪಾವರಣವನ್ನು ಮುಂದಿನ ಸಾಲಿನಲ್ಲಿ ತೆರೆಯುವ ಪದ್ಧತಿ ಅನೇಕರಿಗಿದೆ. ಟಿಕಲ್‌ನಲ್ಲಿ ಹಾಗೆ ಬರೆದರೆ ತಪ್ಪು. ಸಾಲು ಮುಗಿದರೆ ಆದೇಶ ಮುಗಿಯಿತು ಎಂದು ಅದು ತಿಳಿಯುತ್ತದೆ. ನೋಡಲು ಎರಡು ಭಾಷೆಗಳ ಆವರಣವೂ ಒಂದೇ; ಅರ್ಥ ಮಾತ್ರ ಬೇರೆ. ಸಿ ಭಾಷೆಯಲ್ಲಿ ಅದು ವ್ಯಾಕರಣದ ಗುರುತು, ಟಿಕಲ್‌ನಲ್ಲಿ ಅದು ಅಕ್ಷರಗಳನ್ನು ಕಟ್ಟಿಡುವ ಪೊಟ್ಟಣ.

ಎರಡನೆಯದು ಲೆಕ್ಕ. ಒಂದು ವೇರಿಯಬಲ್‌ಗೆ 5+3 ಎಂದು ಕೊಟ್ಟರೆ ಸಿ ಭಾಷೆ 8 ಎಂದು ಇಟ್ಟುಕೊಳ್ಳುತ್ತದೆ. ಟಿಕಲ್ ಆ ಮೂರು ಅಕ್ಷರಗಳನ್ನೇ ಇಟ್ಟುಕೊಳ್ಳುತ್ತದೆ! ಲೆಕ್ಕ ಮಾಡು ಎಂದು ಹೇಳಲು ಪ್ರತ್ಯೇಕ ಆದೇಶವೇ ಬೇಕು. ಎಲ್ಲವೂ ಅಕ್ಷರಗಳ ಸಾಲು ಎಂಬ ತತ್ವವನ್ನು ಒಪ್ಪಿಕೊಂಡವರಿಗೆ ಇದು ಸಹಜ. ಒಪ್ಪದವರಿಗೆ ದಿನವಿಡೀ ತಲೆನೋವು.

ಮೂರನೆಯದು ಹೆಚ್ಚು ಸೂಕ್ಷ್ಮ. ಗುಂಡಿ ಒತ್ತಿದಾಗ ನಡೆಯಬೇಕಾದ ಕೆಲಸವನ್ನು ನಾವು ಈಗ ಬರೆದಿಡುತ್ತೇವೆ, ಅದು ನಡೆಯುವುದು ಯಾವಾಗಲೋ. ಬರೆದ ಹೊತ್ತಿನಲ್ಲಿ ಕೈಗೆ ಸಿಗುತ್ತಿದ್ದ ಸ್ಥಳೀಯ ವೇರಿಯಬಲ್‌ಗಳು ಒತ್ತುವ ಹೊತ್ತಿಗೆ ಇರುವುದಿಲ್ಲ. ಆ ಭಾಗ ಆಗಲೇ ಮುಗಿದುಹೋಗಿರುತ್ತದೆ. ಟೀಕೇಯಲ್ಲಿ ಗುಂಡಿಯ ಕೆಲಸ ನಡೆಯುವುದು ಎಲ್ಲಕ್ಕೂ ಹೊರಗಿನ, ಸಾರ್ವತ್ರಿಕ ಆವರಣದಲ್ಲಿ. ಬರೆದ ಹೊತ್ತು ಬೇರೆ, ನಡೆಯುವ ಹೊತ್ತು ಬೇರೆ ಎಂಬ ಎಚ್ಚರ ಇಲ್ಲದವರಿಗೆ ಈ ದೋಷ ಹುಡುಕುವುದು ಬಹು ಕಷ್ಟವಾಗುತ್ತಿತ್ತು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಗುಂಡಿ ಒತ್ತಿದಾಗ ಹತ್ತು ನಿಮಿಷದ ದೊಡ್ಡ ಲೆಕ್ಕವೊಂದು ಶುರುವಾಯಿತೆನ್ನಿ. ಹಳೆಯ ಪದ್ಧತಿಯಲ್ಲಿ ಇದು ತಪ್ಪಲ್ಲ, ಬಳಕೆದಾರ ಕಾಯುತ್ತಿದ್ದ. ಕಿಟಕಿಯ ಪ್ರೋಗ್ರಾಮಿನಲ್ಲಿ ಆ ಹತ್ತು ನಿಮಿಷವೂ ಘಟನಾಚಕ್ರ ನಿಂತುಬಿಡುತ್ತದೆ. ಬೇರೆ ಗುಂಡಿ ಕೆಲಸ ಮಾಡದು, ಕಿಟಕಿಯನ್ನು ಸರಿಸಿದರೆ ಚಿತ್ರ ಮತ್ತೆ ಮೂಡದು, ರದ್ದುಮಾಡು ಎಂಬ ಗುಂಡಿಯೂ ಸತ್ತಂತಿರುತ್ತದೆ. ಯಂತ್ರ ಕೆಟ್ಟಿತೆಂದೇ ಬಳಕೆದಾರ ತಿಳಿಯುತ್ತಾನೆ. ಪರಿಹಾರವೆಂದರೆ ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದು ತುಂಡು ಮುಗಿದೊಡನೆ ಲಗಾಮನ್ನು ಹಿಂದಿರುಗಿಸಿ, ಸ್ವಲ್ಪ ಹೊತ್ತಿನ ನಂತರ ನನ್ನನ್ನು ಮತ್ತೆ ಕರೆ ಎಂದು ಕೇಳಿಕೊಳ್ಳುವುದು. ಅದಕ್ಕೆಂದೇ ಆಫ್ಟರ್ ಎಂಬ ಆದೇಶ ಇದೆ. ಫೋನ್-ಇನ್‌ನಲ್ಲಿ ಮೊದಲ ಪ್ರಶ್ನೆಗೇ ಅರ್ಧ ಗಂಟೆ ಉತ್ತರಿಸುವ ತಜ್ಞರನ್ನು ನೆನೆದರೆ ಈ ಕಷ್ಟ ನಿಮಗೆ ಅರ್ಥವಾದೀತು.

ಆಕ್ಷೇಪಗಳೂ ಇದ್ದವು

ಎಲ್ಲರೂ ಟಿಕಲನ್ನು ಮೆಚ್ಚಲಿಲ್ಲ. ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 1994ರಲ್ಲಿ ಅದನ್ನು ಬಳಸಬೇಡಿ ಎಂದೇ ಬಹಿರಂಗವಾಗಿ ಬರೆದರು. ಅದು ಗಂಭೀರ ಪ್ರೋಗ್ರಾಮುಗಳಿಗೆ ತಕ್ಕ ಭಾಷೆಯಲ್ಲ, ಮಾಹಿತಿಯನ್ನು ಅಚ್ಚುಕಟ್ಟಾಗಿ ಹಿಡಿದಿಡುವ ರಚನೆಗಳು ಅದರಲ್ಲಿಲ್ಲ, ಸಂಖ್ಯೆಗಳಿವೆ ಎಂದು ನಟಿಸುತ್ತದೆ, ಆದ್ದರಿಂದ ನಿಧಾನ ಎಂಬುದು ಅವರ ವಾದ. ಜೋಡಿಸುವ ಭಾಷೆಯೂ ಪೂರ್ಣಪ್ರಮಾಣದ ಭಾಷೆಯೇ ಆಗಿರಬೇಕೆಂದು ಅವರು ಬಯಸಿದರು.

ಈ ಟೀಕೆಯಲ್ಲಿ ಸತ್ಯವಿತ್ತು. ನೂರು ಸಾಲಿಗೆಂದು ಆರಂಭಿಸಿದ ಸ್ಕ್ರಿಪ್ಟ್ ಬೆಳೆಯುತ್ತಾ ಹತ್ತು ಸಾವಿರ ಸಾಲಾದಾಗ ಅದನ್ನು ನಿಭಾಯಿಸುವುದು ಕಷ್ಟವಾಗುತ್ತಿತ್ತು. ವೇಗದ ಕೊರತೆಯನ್ನು 1997ರ 8ನೆಯ ಆವೃತ್ತಿ ಬಹಳ ಮಟ್ಟಿಗೆ ತುಂಬಿತು. ಸಾಲುಗಳನ್ನು ಪ್ರತಿ ಬಾರಿಯೂ ಅಕ್ಷರ ಅಕ್ಷರವಾಗಿ ಓದುವುದನ್ನು ಬಿಟ್ಟು, ಒಮ್ಮೆ ಸಂಕ್ಷಿಪ್ತ ಸಂಕೇತಕ್ಕೆ ಇಳಿಸಿ ನಡೆಸುವ ಕ್ರಮ ಅದರಲ್ಲಿ ಬಂತು. ಅದೇ 1997ರ ಸಾಲಿನ ಎಸಿಎಂ ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ಟಿಕಲ್-ಟೀಕೇಗಾಗಿ ಓಸ್ಟರ್‌ಹೌಟ್ ಅವರಿಗೆ ಸಂದಿತು. ಅಷ್ಟರಲ್ಲಿ ಅವರು ಬರ್ಕ್‌ಲಿ ಬಿಟ್ಟು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಸೇರಿದ್ದರು. ಅಲ್ಲಿ ಅವರ ತಂಡ 1996ರಲ್ಲಿ ಟೀಕೇಯನ್ನು ವಿಂಡೋಸ್ ಮತ್ತು ಮೆಕಿಂಟಾಷ್‌ಗಳಿಗೂ ಒಗ್ಗಿಸಿತ್ತು. ಒಮ್ಮೆ ಬರೆದ ಕಿಟಕಿ ಮೂರು ಬಗೆಯ ಯಂತ್ರಗಳಲ್ಲೂ ತೆರೆಯುವಂತಾಯಿತು.

ಕವಲುಗಳು

ಇದೇ ವಿಚಾರ ಬೇರೆ ಬೇರೆ ಕಡೆಗಳಲ್ಲೂ ಮೊಳೆಯುತ್ತಿತ್ತು. 1991ರಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಶುವಲ್ ಬೇಸಿಕ್ ಹೊರತಂದಿತು. ಗುಂಡಿಯನ್ನು ಮೌಸಿನಿಂದ ಎಳೆದು ಕೂರಿಸಿ, ಅದರ ಹಿಂದೆ ನಾಲ್ಕು ಸಾಲು ಬರೆಯುವ ವಿಧಾನ ಅದರದು. 1990ರ ದಶಕದಲ್ಲಿ ನಮ್ಮ ಊರುಗಳ ತರಬೇತಿ ಕೇಂದ್ರಗಳಲ್ಲಿ ಕಂಪ್ಯೂಟರ್ ಕಲಿತ ಅನೇಕರಿಗೆ ಕಿಟಕಿ ಕಟ್ಟುವ ಮೊದಲ ಪಾಠ ಸಿಕ್ಕಿದ್ದು ಇದರಿಂದಲೇ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ರಚಿಸಿದ ಜಾವಾಸ್ಕ್ರಿಪ್ಟ್, ಅಂತರಜಾಲದ ಪುಟಗಳಲ್ಲಿ ಗುಂಡಿಗೆ ಕೆಲಸ ಗಂಟು ಹಾಕುವ ಭಾಷೆಯಾಯಿತು. ನೀವು ಮೊಬೈಲಿನಲ್ಲಿ ರೈಲು ಟಿಕೆಟ್ ಕಾಯ್ದಿರಿಸುವಾಗಲೂ ಹಿಂದೆ ನಡೆಯುವುದು ಅಂಥದೇ ಘಟನಾಚಕ್ರ.

ಟೀಕೇ ಮಾತ್ರ ತನ್ನ ತಾಯಿಭಾಷೆಯ ಮನೆಯಲ್ಲೇ ಉಳಿಯಲಿಲ್ಲ. ಪರ್ಲ್ ಭಾಷೆಯವರು ಅದನ್ನು ಎರವಲು ಪಡೆದರು. ನೆದರ್‌ಲ್ಯಾಂಡ್ಸ್‌ನ ಗೈಡೋ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಭಾಷೆಯೂ ಅದನ್ನು ಸೇರಿಸಿಕೊಂಡಿತು. ಪೈಥಾನಿನೊಳಗೆ ಅದರ ಹೆಸರು ಟೀಕೇಇಂಟರ್. ಪೈಥಾನ್ ಜೊತೆಗೆ ಬರುವ ಐಡಲ್ ಎಂಬ ಬರೆಯುವ ಕಿಟಕಿಯನ್ನು ನೀವು ಶಾಲೆಯಲ್ಲಿ ತೆರೆದಿದ್ದರೆ, ತಿಳಿಯದೆಯೇ ಬರ್ಕ್‌ಲಿಯ ಆ ಸಲಕರಣೆಯನ್ನು ಬಳಸಿದ್ದೀರಿ. ಐಡಲ್ ಕಟ್ಟಿರುವುದು ಟೀಕೇಇಂಟರ್‌ನಿಂದಲೇ.

ಟಿಕಲ್ ತನ್ನ ಹುಟ್ಟಿದ ಮನೆಯಾದ ಚಿಪ್ ವಿನ್ಯಾಸದಲ್ಲಿ ಇನ್ನೂ ಆಳುತ್ತಿದೆ. ಸಿನಾಪ್ಸಿಸ್, ಕೇಡೆನ್ಸ್ ಮುಂತಾದ ಕಂಪನಿಗಳ ಚಿಪ್ ವಿನ್ಯಾಸ ತಂತ್ರಾಂಶಗಳಿಗೆ ಆದೇಶ ಕೊಡುವ ಭಾಷೆ ಇಂದಿಗೂ ಅದೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದ ಮೇಲೆ, ಈ ನಗರ ಚಿಪ್ ವಿನ್ಯಾಸದ ದೊಡ್ಡ ನೆಲೆಯಾಗಿ ಬೆಳೆದಿದೆ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ಈ ಕೆಲಸಕ್ಕೆ ಸೇರುವ ನಮ್ಮ ಯುವಕ ಯುವತಿಯರು, ಕಾಲೇಜಿನಲ್ಲಿ ಸಿ ಕಲಿತು ಬಂದವರು, ಅಲ್ಲಿ ಮತ್ತೆ ಟಿಕಲ್ ಕಲಿಯಲು ಕೂರುತ್ತಾರೆ. 2024ರಲ್ಲಿ ಟಿಕಲ್‌ನ 9ನೆಯ ಆವೃತ್ತಿಯೂ ಹೊರಬಂದಿದೆ.

ಮಾಡಿ ನೋಡಿ

ನಿಮ್ಮ ಶಾಲೆ ಅಥವಾ ಕಾಲೇಜಿನ ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ ಟೀಕೇಇಂಟರ್ ಬಳಸಿ ಒಂದು ಕಿಟಕಿ, ಅದರಲ್ಲಿ ಒಂದು ಗುಂಡಿ ರಚಿಸಿ ನೋಡಿ. ಗುಂಡಿಗೆ ಕೆಲಸ ಕೊಡುವಾಗ ಆ ಕೆಲಸದ ಹೆಸರನ್ನಷ್ಟೇ ಬರೆಯಬೇಕು. ಅಭ್ಯಾಸಬಲದಿಂದ ಹೆಸರಿನ ಮುಂದೆ ಖಾಲಿ ಆವರಣ ಹಾಕಿದರೆ, ಗುಂಡಿ ಒತ್ತುವ ಮೊದಲೇ ಕೆಲಸ ನಡೆದುಹೋಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಈಗಲೇ ಮಾಡು ಎಂಬುದಕ್ಕೂ, ಕರೆದಾಗ ಮಾಡು ಎಂಬುದಕ್ಕೂ ಇರುವ ವ್ಯತ್ಯಾಸ ಇದು. 1991ರಲ್ಲಿ ಸಿ ಪರಿಣತರು ಎದುರಿಸಿದ್ದು ಇದನ್ನೇ. ಕೊನೆಯ ಸಾಲಿನಲ್ಲಿ ಮೈನ್‌ಲೂಪ್ ಎಂದು ಬರೆಯುತ್ತೀರಿ. ಲಗಾಮನ್ನು ಬಳಕೆದಾರನ ಕೈಗೆ ಒಪ್ಪಿಸುವ ಸಾಲು ಅದು. ಅದನ್ನು ಅಳಿಸಿ, ಸ್ಕ್ರಿಪ್ಟನ್ನು ನೇರವಾಗಿ ಓಡಿಸಿದರೆ ಏನಾಗುತ್ತದೆಂದು ಪರೀಕ್ಷಿಸಿ.

ಓಸ್ಟರ್‌ಹೌಟ್ ಅವರ ಚಿಂತ��ಗೆ ಈಗ ಮರಳಬಹುದು. ಚಿಕ್ಕ ಗುಂಪು ದೊಡ್ಡ ಕಂಪನಿಯ ಎದುರು ನಿಲ್ಲಬಲ್ಲದೇ ಎಂದು ಅವರು 1987ರಲ್ಲಿ ಕೇಳಿಕೊಂಡಿದ್ದರು. ಅವರು ಉಚಿತವಾಗಿ ಹಂಚಿದ ಸಲಕರಣೆಯಿಂದ ಭೌತವಿಜ್ಞಾನಿ ತನ್ನ ಪ್ರಯೋಗಕ್ಕೆ, ಇಂಜಿನಿಯರು ತನ್ನ ಚಿಪ್ಪಿಗೆ, ಪ್ರಸಾರಕ ತನ್ನ ನಿಯಂತ್ರಣ ಕೊಠಡಿಗೆ ಬೇಕಾದ ಕಿಟಕಿಯನ್ನು ತಾನೇ ಕಟ್ಟಿಕೊಳ್ಳುವಂತಾಯಿತು. ತನ್ನ ಕೆಲಸಕ್ಕೆ ಯಾವ ಗುಂಡಿ ಬೇಕೆಂದು ಬಲ್ಲವನೇ ಅದನ್ನು ಕೂರಿಸಬಲ್ಲವನಾದ. ಅದಕ್ಕೆ ಆತ ತೆತ್ತ ಬೆಲೆ, ಬಲ್ಲವನೆಂಬ ಹೆಸರು ಬಂದ ಮೇಲೂ ಇನ್ನೊಮ್ಮೆ ಮೊದಲ ಪಾಠಕ್ಕೆ ಕೂತದ್ದು. ಇಂದು ನೀವು ಕಲಿಯುತ್ತಿರುವ ಭಾಷೆಯ ಮೇಲೂ ನಾಳೆ ಇನ್ನೊಂದನ್ನು ಕಲಿಯಬೇಕಾಗಿ ಬರುತ್ತದೆ. ಆಗ ಹೊಸದು ಚಿಕ್ಕದೆಂದು ತಳ್ಳಿಹಾಕದೆ, ಅದು ನಿಮ್ಮ ಯಾವ ಅಭ್ಯಾಸವನ್ನು ಬದಲಿಸಿಕೊಳ್ಳಲು ಕೇಳುತ್ತಿದೆ ಎಂದು ಮೊದಲು ವಿಚಾರಿಸಿ.